ನಂದಿಯಿಂದ ಎಷ್ಟು ದಿನದ ದಾರಿ?

ನಂದಿಯ ಸುತ್ತಿನ ಹಳ್ಳಿಗಳಲ್ಲಿ ನಾನು ಹುಡುಗನಾಗಿದ್ದಾಗ ದೂರವೆಷ್ಟೆಂದು ಕೇಳಿದರೆ ಹಿರಿಯರು ಹತ್ತಿರದ ಊರಿಗೆ ಇಷ್ಟು ಹರದಾರಿ ಎನ್ನುತ್ತಿದ್ದರು. ದೂರದ ಊರಿಗೆ ಎರಡು ದಿನದ ದಾರಿ, ನಾಲ್ಕು ದಿನದ ದಾರಿ ಎನ್ನುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ‘ದಿನದ ದಾರಿ’ ಎಂಬ ಮಾತಿನಲ್ಲಾದರೋ ನೆಲದ ಅಳತೆ, ಕಾಲದ ಅಳತೆ ಎರಡೂ ಒಂದಾಗಿದ್ದವು. ಎತ್ತಿನ ನಡಿಗೆ, ಹಳ್ಳದ ನೀರು, ದಾರಿಯ ಏರು ಎಲ್ಲವೂ ಆ ಲೆಕ್ಕದೊಳಗೇ ಸೇರಿರುತ್ತಿದ್ದವು.

1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕೈಯಿಂದ ನಂದಿದುರ್ಗವನ್ನು ಕಸಿದುಕೊಂಡಿತು. ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿ ಹೋಗುತ್ತಿದ್ದ ಆ ಕಾಲದಲ್ಲಿ ಲಂಡನ್ನಿಗೆ ನಂದಿ ಹಲವು ತಿಂಗಳ ದಾರಿ. ಇಲ್ಲಿಂದ ಹೋದ ಓಲೆಗೆ ಅಲ್ಲಿಂದ ಉತ್ತರ ಬರುವ ಮೊದಲೇ, 1792ರ ಮಾರ್ಚಿನಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಗಿ ಯುದ್ಧವೇ ಮುಗಿದಿತ್ತು.

ನೆಲವನ್ನೂ ಕಾಲವನ್ನೂ ಬೇರ್ಪಡಿಸಿದವರು ಅಳತೆಗಾರರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, ಮದರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳನ್ನು ಹೆಣೆದನು. ಹಳೆಯ ಭೂಪಟಗಳು ತೋರಿಸಿದ್ದಕ್ಕಿಂತ ಪರ್ಯಾಯದ್ವೀಪ ಅಲ್ಲಿ ಸುಮಾರು 40 ಮೈಲಿ ಕಿರಿದೆಂದು ತಿಳಿದುಬಂತು. ಆದರೂ ದಾರಿ ನಡೆಯುವವನಿಗೆ ಒಂದು ಗಳಿಗೆಯೂ ಉಳಿಯಲಿಲ್ಲ.

ಕಾಲವನ್ನು ಕುಗ್ಗಿಸಿದ್ದು ಯಂತ್ರ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಓದಲೆಂದು ಬೆಂಗಳೂರಿಗೆ ಹೋದಾಗ ಈ ಸೀಮೆಯಲ್ಲಿ ರೈಲಿರಲಿಲ್ಲ. ಅವರು ದಿವಾನರಾಗಿದ್ದ ದಿನಗಳಲ್ಲಿ ಎರಡೂವರೆ ಅಡಿಯ ಕಿರುಹಳಿ ಚಿಕ್ಕಬಳ್ಳಾಪುರಕ್ಕೆ ಬಂದಿತು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ, ಸ್ತ್ರೀಯರೇ ಚಾಲಕರಾಗಿ, ಎಲ್ಲಿಯೂ ಇಳಿಯದೆ ಅಲ್ಲಿಗೆ ಬಂದಿಳಿಯಿತು. ಸುಮಾರು 14,000 ಕಿಲೋಮೀಟರು, 17 ಗಂಟೆಗಳು. ಚಪ್ಪಟೆ ಭೂಪಟದಲ್ಲಿ ಆ ಊರು ಪೂರ್ವಕ್ಕೋ ಪಶ್ಚಿಮಕ್ಕೋ ಕಾಣುತ್ತದೆ. ಭೂಗೋಳದ ಮೇಲೆ ಒಂದು ದಾರವನ್ನೆಳೆದು ನೋಡಿ: ಹತ್ತಿರದ ಹಾದಿ ಉತ್ತರ ಧ್ರುವದ ಕಡೆಗೆ ಹೋಗುತ್ತದೆ. ವಿಮಾನ ಬಂದದ್ದೂ ಧ್ರುವದ ಮೇಲೆಯೇ. ಗಡಿಯಾರಗಳ ಅಂತರ ಹದಿಮೂರೂವರೆ ಗಂಟೆಯಾದುದರಿಂದ ಇಲ್ಲಿ ಇಳಿದಾಗ 11ರ ನಸುಕು.

ನನ್ನ ಅಕ್ಕನ ಮಗ ಆ ಊರಿನಲ್ಲಿದ್ದಾನೆ. ಸುದ್ದಿ ಕೇಳಿ ಅಕ್ಕ, “ಹಾಗಾದರೆ ಒಂದು ದಿನದ ದಾರಿ, ಅಲ್ಲವೇನೋ?” ಎಂದಳು. ಹೌದೆಂದೆ. ಆ ಮೇ ತಿಂಗಳಲ್ಲಿ, ಮಹಾಮಾರಿಯ ನಡುವೆ, ಅವಳು ತೀರಿಕೊಂಡಳು. ಬಂದವರಿಗೆ ಮರಳಿ ಹೋಗಲು ವೀಸಾ ದೊರೆಯುವ ಭರವಸೆಯಿಲ್ಲದ ಕಾಲ ಅದು. ಮಗ ಮನೆಯ ಹೊಸಿಲು ತುಳಿದದ್ದು ಡಿಸೆಂಬರಿನಲ್ಲಿ. ಹಾಯಿಹಡಗಿನಲ್ಲಿ ಹೊರಟಿದ್ದರೂ ಅಷ್ಟರಲ್ಲಿ ಬಂದಿರುತ್ತಿದ್ದನೇನೋ.

ಅಕ್ಕನಿಗೆ ನಾನು ಹೇಳಿದ ಲೆಕ್ಕ ತಪ್ಪಲ್ಲ. ಅದು ವಿಮಾನದ ಲೆಕ್ಕ. ಅವಳು ಕೇಳಿದ್ದು ಮಗ ಬರುವ ದಾರಿಯನ್ನು.