ಬೀಜದ ಕುದುರೆ ಬಂದಿದೆ, ಜಾಹೀರಾತು ನೋಡಿ: ಹಂಟರ್ ಕಣಿವೆಯ ಹಳೇ ಪತ್ರಿಕೆಗಳು

(1/5)

ಹತ್ತೊಂಬತ್ತನೇ ಶತಮಾನದ ಆಸ್ಟ್ರೇಲಿಯಾದ ಯಾವುದಾದರೂ ಹಳ್ಳಿಗಾಡಿನ ಪತ್ರಿಕೆ ತೆಗೀರಿ. ಸೆಪ್ಟೆಂಬರ್ ತಿಂಗಳ ಸಂಚಿಕೆ ಆಗಿದ್ರೆ ಒಳ್ಳೇದು. ಜಾಹೀರಾತಿನ ಪುಟದಲ್ಲಿ ಒಂದರ ಕೆಳಗೊಂದು ಪುಟ್ಟ ಕುದುರೆ ಚಿತ್ರಗಳು ನಿಂತಿರುತ್ತವೆ. ಸ್ವಲ್ಪ ಗಮನಿಸಿದ್ರೆ ಗೊತ್ತಾಗುತ್ತೆ, ಹೆಚ್ಚುಕಮ್ಮಿ ಎಲ್ಲವೂ ಒಂದೇ ಕುದುರೆ! ಮುದ್ರಣಾಲಯದಲ್ಲಿ ಇರುತ್ತಿದ್ದದ್ದೇ ಒಂದೋ ಎರಡೋ ಅಚ್ಚು. ಓಟದ ಕುದುರೆ ಆಗಲಿ, ನೇಗಿಲೆಳೆಯೋ ಭಾರಿ ಕುದುರೆ ಆಗಲಿ, ಅದನ್ನೇ ಒತ್ತಿಬಿಡ್ತಿದ್ರು.

ಇವು ಕುದುರೆ ಮಾರಾಟದ ಜಾಹೀರಾತುಗಳಲ್ಲ. ಬೀಜದ ಕುದುರೆಯ ಜಾಹೀರಾತುಗಳು. ನಮ್ಮಲ್ಲಿ ಬೀಜದ ಹೋರಿ ಇದ್ದ ಹಾಗೆ ಅಂದ್ಕೊಳ್ಳಿ. ನಿಮ್ಮ ಹೆಣ್ಣು ಕುದುರೆಯನ್ನ ತನ್ನಿ, ಇಷ್ಟು ದುಡ್ಡು ಕೊಡಿ, ಗಬ್ಬ ಕಟ್ಟಿಸಿಕೊಂಡು ಹೋಗಿ ಅನ್ನೋ ಕರೆ.

ಸೆಪ್ಟೆಂಬರ್ ಯಾಕೆ? ಭೂಮಿಯ ಆ ಅರ್ಧದಲ್ಲಿ ವಸಂತ ಶುರುವಾಗೋದು ಆಗ. ಹೆಣ್ಣು ಕುದುರೆ ಬೆದೆಗೆ ಬರೋದೂ ಆಗಲೇ. ಕುದುರೆ ಗಬ್ಬ ಹೊರೋದು ಸುಮಾರು ಹನ್ನೊಂದು ತಿಂಗಳು. ಹಾಗಾಗಿ ಈ ವಸಂತದಲ್ಲಿ ಕೊಡಿಸಿದ್ರೆ ಮುಂದಿನ ವಸಂತದ ಹಸಿ ಹುಲ್ಲಿಗೆ ಸರಿಯಾಗಿ ಮರಿ.

ನಾನು ಹೇಳ್ತಿರೋ ಜಾಗ ನ್ಯೂ ಸೌತ್ ವೇಲ್ಸ್‌ನ ಹಂಟರ್ ಕಣಿವೆ, ಸಿಡ್ನಿಯಿಂದ ಉತ್ತರಕ್ಕೆ. ಹೊಳೆ ತಂದು ಹಾಕಿದ ಮೆಕ್ಕಲು ಮಣ್ಣು. ಗೋಧಿ, ಮುಸುಕಿನ ಜೋಳ, ಆಮೇಲೆ ಲೂಸರ್ನ್ ಸೊಪ್ಪು. (ನಮ್ಮ ರೈತರು ಇದೇ ಸೊಪ್ಪಿಗೆ ‘ಕುದುರೆ ಮಸಾಲೆ’ ಅಂತಾರೆ. ಎಷ್ಟು ಚೆಂದದ ಹೆಸರು ಅಲ್ವಾ!) ಅಲ್ಲಿನ ಮೇಟ್ಲೆಂಡ್ ಊರಲ್ಲಿ 1843ರಲ್ಲಿ ‘ಮೇಟ್ಲೆಂಡ್ ಮರ್ಕ್ಯುರಿ’ ಪತ್ರಿಕೆ ಶುರುವಾಯ್ತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಆ ಕಣಿವೆ ವೊನ್ನರುವಾ ಜನರ ನೆಲ. 1820ರ ದಶಕದಲ್ಲಿ ಸರ್ಕಾರ ಅದನ್ನ ಇಂಗ್ಲೆಂಡ್, ಸ್ಕಾಟ್ಲೆಂಡ್‌ನಿಂದ ಬಂದವರಿಗೆ ಹಂಚಿಬಿಡ್ತು. ಕಾಡು ಕಡಿದು ಹೊಲ ಮಾಡಿದವರಲ್ಲಿ ಬಹಳ ಜನ ಶಿಕ್ಷೆಯಾಗಿ ಹಡಗು ಹತ್ತಿ ಬಂದ ಕೈದಿಗಳು. ಜಾಹೀರಾತಲ್ಲಿ ಇವರ್‍ಯಾರೂ ಕಾಣಲ್ಲ. ಕುದುರೆಗೆ ಮೂರು ತಲೆಮಾರಿನ ವಂಶಾವಳಿ ಇರುತ್ತೆ, ಅದರ ಮೈ ತಿಕ್ಕುವವನಿಗೆ ಹೆಸರೂ ಇರಲ್ಲ.

(2/5)

ಜಾಹೀರಾತಲ್ಲಿ ಏನಿರ್ತಿತ್ತು?

ಮೇಲೆ ದಪ್ಪಕ್ಷರದಲ್ಲಿ ಕುದುರೆಯ ಹೆಸರು. ಈ ಸೀಸನ್‌ಗೆ ಇಂಥ ಕಡೆ ‘ನಿಲ್ಲುತ್ತದೆ’ ಅಂತ ಒಂದು ಸಾಲು. ಅವರ ಭಾಷೆಯಲ್ಲಿ ಬೀಜದ ಕುದುರೆ ‘ನಿಲ್ಲುತ್ತೆ’, ಅಷ್ಟೇ. ಉಳಿದದ್ದು ಓದುವವರಿಗೆ ಬಿಟ್ಟಿದ್ದು. ಆಮೇಲೆ ಬಣ್ಣ, ಎತ್ತರ, ಮೂಳೆಯ ಗಟ್ಟಿತನ, ಸಾಧು ಸ್ವಭಾವ. ಆಮೇಲೆ ಅಪ್ಪ ಯಾರು, ತಾಯಿ ಯಾರು, ತಾಯಿಯ ಅಪ್ಪ ಯಾರು. ಓಟದ ಕುದುರೆ ಆದ್ರೆ ಗೆದ್ದ ಪಂದ್ಯಗಳು, ನೇಗಿಲ ಕುದುರೆ ಆದ್ರೆ ಕೃಷಿ ಪ್ರದರ್ಶನದಲ್ಲಿ ಸಿಕ್ಕ ಬಹುಮಾನಗಳು. ಹೊಗಳಿಕೆಗೆ ಬರ ಇಲ್ಲ. ಜಿಲ್ಲೆಯಲ್ಲಿರೋ ಪ್ರತಿಯೊಂದು ಕುದುರೆಯೂ ‘ಇದಕ್ಕಿಂತ ಒಳ್ಳೇದು ಈ ಕಾಲೊನಿಯಲ್ಲೇ ಇಲ್ಲ’!

ಆದ್ರೆ ಈ ಹೊಗಳಿಕೆ ಬಿಟ್ಟು ಕೊನೆಯ ಸಣ್ಣಕ್ಷರ ಓದಿ ಅಂತೀನಿ ನಾನು. ನಿಜವಾದ ಕಥೆ ಇರೋದು ಅಲ್ಲಿ.

ಮೊದಲು ಫೀಸು. ಒಂದು ಹೆಣ್ಣು ಕುದುರೆಗೆ ಇಷ್ಟು ಗಿನಿ ಅಂತ. ಒಂದು ಗಿನಿ ಅಂದ್ರೆ 21 ಶಿಲಿಂಗ್, ಪೌಂಡಿಗಿಂತ ಒಂದು ಶಿಲಿಂಗ್ ಜಾಸ್ತಿ. ಎರಡು ಮೂರು ಗಿನಿ ಅಂದ್ರೆ ಕೂಲಿಯವನ ಹಲವು ವಾರಗಳ ದುಡಿಮೆ. ಅದರ ಮೇಲೆ ಕುದುರೆ ಆಳಿಗೆ ಅಂತ ಕೆಲವು ಶಿಲಿಂಗ್ ಬೇರೆ. ಒಬ್ಬನೇ ಯಜಮಾನ ನಾಲ್ಕೈದು ಕುದುರೆ ತಂದ್ರೆ ರಿಯಾಯಿತಿ. ಕುದುರೆ ಅಲ್ಲೇ ಬಿಟ್ಟು ಹೋಗೋದಾದ್ರೆ ಬೇಲಿ ಹಾಕಿದ ಹುಲ್ಲುಗಾವಲು, ನೀರು ಇದೆ, ವಾರಕ್ಕಿಷ್ಟು ಬಾಡಿಗೆ. ಬಾಕಿ ತೀರಿಸದೆ ಕುದುರೆ ಹೊಡ್ಕೊಂಡು ಹೋಗೋ ಹಾಗಿಲ್ಲ.

ಆಮೇಲೆ ಬರೋದೇ ಆ ಪ್ರಸಿದ್ಧ ಸಾಲು: ಎಲ್ಲಾ ಎಚ್ಚರಿಕೆ ವಹಿಸಲಾಗುವುದು, ಆದರೆ ಯಾವುದಕ್ಕೂ ಜವಾಬ್ದಾರರಲ್ಲ. ಕುದುರೆ ಕಳುವಾದ್ರೆ, ಕಾಲು ಮುರ್ಕೊಂಡ್ರೆ, ಹೊಳೆಗೆ ಬಿದ್ರೆ, ಅದು ನಿಮ್ಮ ಹಣೆಬರಹ. ನಮ್ಮ ಕಲ್ಯಾಣ ಮಂಟಪದ ಪಾರ್ಕಿಂಗ್ ಬೋರ್ಡು ಜ್ಞಾಪಕ ಬಂತಾ?

ಕೆಲವರು ಮಾತ್ರ ಇನ್ನೊಂದು ಸಾಲು ಸೇರಿಸ್ತಿದ್ರು. ಗಬ್ಬ ನಿಲ್ಲದಿದ್ರೆ ಮುಂದಿನ ಸೀಸನ್‌ನಲ್ಲಿ ಮತ್ತೆ ತನ್ನಿ, ದುಡ್ಡು ಬೇಡ. ಚಿಕ್ಕ ಹಿಡುವಳಿಯ ರೈತನಿಗೆ ಚಿನ್ನದಂಥ ಸಾಲು ಇದು. ಅವನ ಹತ್ರ ಇರೋದು ಒಂದೋ ಎರಡೋ ಹೆಣ್ಣು ಕುದುರೆ, ಅವೇ ನೇಗಿಲು ಎಳೀಬೇಕು, ಅವೇ ಗಾಡಿ ಎಳೀಬೇಕು, ಅವೇ ಮರಿ ಹಾಕಬೇಕು. ಗಬ್ಬ ನಿಲ್ಲದಿದ್ರೆ ಒಂದು ವರ್ಷ ಹೋಯ್ತು. ನಿಂತು ಕೆಟ್ಟ ಮರಿ ಹುಟ್ಟಿದ್ರೆ ಇನ್ನೂ ಕಷ್ಟ, ಯಾಕಂದ್ರೆ ಅದು ಕೆಲಸಕ್ಕೆ ಬಾರದ್ದು ಅಂತ ಖಾತ್ರಿಯಾಗೋಕೆ ಮೂರ್ನಾಲ್ಕು ವರ್ಷ ಸಾಕಬೇಕು.

(3/5)

ನಮ್ಮ ಹಳ್ಳಿಗಳಲ್ಲಿ ದೇವರಿಗೆ ಬಿಟ್ಟ ಬಸವ ಇರ್ತಿತ್ತು. ಯಾರ ಹೊಲದಲ್ಲಾದ್ರೂ ಮೇಯ್ತಿತ್ತು, ಯಾರೂ ಹೊಡೀತಿರಲಿಲ್ಲ. ಊರಿನ ಹಸುಗಳಿಗೆ ಅದೇ ಬೀಜ, ಫೀಸಿಲ್ಲ, ಜಾಹೀರಾತಿಲ್ಲ. ಹಂಟರ್ ಕಣಿವೆಯಲ್ಲಿ ಊರೇ ಹೊಸದು. ಪಕ್ಕದ ಜಮೀನಿನವನು ಐದು ಮೈಲಿ ದೂರ, ಅವನ ಪೂರ್ವಾಪರ ಯಾರಿಗೂ ಗೊತ್ತಿಲ್ಲ, ಅವನ ಕುದುರೆಯದ್ದು ಕೇಳಲೇಬೇಡಿ. ಬಾಯಿಂದ ಬಾಯಿಗೆ ಹೋಗಬೇಕಾದ ಮಾತನ್ನ ಪತ್ರಿಕೆ ಹೊತ್ತು ತಿರುಗಬೇಕಿತ್ತು.

ಕುದುರೆಯೂ ತಿರುಗುತ್ತಿತ್ತು! ದೊಡ್ಡ ಎಸ್ಟೇಟ್‌ಗಳ ಬೆಲೆಬಾಳೋ ಕುದುರೆ ತನ್ನ ಲಾಯದಲ್ಲೇ ಇರ್ತಿತ್ತು, ಹೆಣ್ಣು ಕುದುರೆಗಳು ಅಲ್ಲಿಗೆ ಬರಬೇಕು. ನೇಗಿಲ ಕುದುರೆಗಳದ್ದು ಹಾಗಲ್ಲ. ಒಬ್ಬ ಆಳು ಅದನ್ನ ಹಿಡ್ಕೊಂಡು ಊರೂರು ಸುತ್ತುತ್ತಿದ್ದ. ಜಾಹೀರಾತಲ್ಲಿ ಇಡೀ ವಾರದ ಟೈಮ್‌ಟೇಬಲ್ ಹಾಕಿರ್ತಿದ್ರು: ಸೋಮವಾರ ಇಂಥ ಹೋಟೆಲು, ಮಂಗಳವಾರ ಹೊಳೆ ದಾಟಿ ಇಂಥ ಜಮೀನು, ಶನಿವಾರ ವಾಪಸ್ ಪೇಟೆಗೆ. ನಿಲ್ದಾಣಗಳೆಲ್ಲ ಹೆಚ್ಚಾಗಿ ಹೆಂಡದ ಅಂಗಡಿಗಳೇ. ಅಲ್ಲಿ ಲಾಯ ಇರ್ತಿತ್ತು, ಜನ ಇರ್ತಿದ್ರು, ಮಾಲೀಕನಿಗೂ ವ್ಯಾಪಾರ.

ವಾರವಾರ ಅದೇ ದಾರಿ ಹಿಡಿಯೋದಕ್ಕೆ ಲೆಕ್ಕ ಇದೆ. ಹೆಣ್ಣು ಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ, ಬೆದೆ ಕೆಲವೇ ದಿನ ಇರುತ್ತೆ. ಮರಿ ಹಾಕಿದ ಒಂಬತ್ತು ಹತ್ತು ದಿನಕ್ಕೇ ಮೊದಲ ಬೆದೆ ಬರೋದೂ ಉಂಟು. ಈ ವಾರ ತಪ್ಪಿದ್ರೆ ಮುಂದಿನ ವಾರ ಸಿಗುತ್ತೆ. ಒಮ್ಮೆ ಕೊಟ್ಟ ಕುದುರೆಯನ್ನ ಮೂರು ವಾರದ ಮೇಲೆ ಮತ್ತೆ ಗಂಡಿನ ಮುಂದೆ ತಂದು ನೋಡ್ತಾರೆ. ಒದ್ದು ಕಳಿಸಿದ್ರೆ ಗಬ್ಬ ನಿಂತಿದೆ ಅಂತ ಅರ್ಥ. ಸ್ಕ್ಯಾನಿಂಗ್ ಇಲ್ಲದ ಕಾಲ, ಆ ಒದೆತವೇ ರಿಪೋರ್ಟು.

ಈ ವ್ಯವಸ್ಥೆಯಲ್ಲಿ ನನಗೆ ಕುತೂಹಲ ಇರೋದು ಆ ಆಳಿನ ಬಗ್ಗೆ. ಯಜಮಾನನ ಬಂಡವಾಳವೆಲ್ಲ ಅವನ ಕೈಯಲ್ಲಿರೋ ಹಗ್ಗದ ತುದಿಯಲ್ಲಿ. ರೈತನನ್ನ ಒಪ್ಪಿಸೋನೂ ಅವನೇ, ಲೆಕ್ಕ ಬರೆಯೋನೂ ಅವನೇ. ಕುದುರೆ ದಣಿದಿದೆಯೋ ಇಲ್ಲವೋ ತೀರ್ಮಾನ ಮಾಡೋನೂ ಅವನೇ. ಹೆಚ್ಚು ಕುದುರೆಗಳಾದಷ್ಟೂ ಅವನ ಶಿಲಿಂಗ್ ಹೆಚ್ಚು. ಆದ್ರೆ ಸೀಸನ್ ಕೊನೆಗೆ ದಣಿದ ಗಂಡಿನಿಂದ ಗಬ್ಬ ನಿಲ್ಲೋದು ಕಡಿಮೆ. ನಷ್ಟ ಯಾರದ್ದು? ಕೊನೆಯಲ್ಲಿ ಬಂದ ರೈತನದ್ದು.

(4/5)

ಸರಿ, ಜಾಹೀರಾತಲ್ಲಿದ್ದ ವಂಶಾವಳಿ ನಿಜಾನಾ?

ಓಟದ ಕುದುರೆಗಳಿಗೆ ಇಂಗ್ಲೆಂಡಲ್ಲಿ 1790ರ ದಶಕದಿಂದಲೇ ವಂಶಾವಳಿ ಪುಸ್ತಕ ಇತ್ತು. ‘ಆಸ್ಟ್ರೇಲಿಯನ್ ಸ್ಟಡ್ ಬುಕ್’ನ ಮೊದಲ ಸಂಪುಟ ಬಂದದ್ದು 1878ರಲ್ಲಿ. ನೇಗಿಲ ಕುದುರೆಗಳಲ್ಲಿ ಹೆಸರುವಾಸಿಯಾದ ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ತಳಿಗೂ ಪುಸ್ತಕ ಬಂದದ್ದು ಅದೇ ವರ್ಷ. ಅಂದ್ರೆ ಅದಕ್ಕೂ ಹಿಂದೆ ಮೇಟ್ಲೆಂಡ್‌ನಲ್ಲಿ ಕೂತ ರೈತ ನೇಗಿಲ ಕುದುರೆಯ ವಂಶಾವಳಿಯನ್ನ ಹೆಚ್ಚುಕಮ್ಮಿ ಯಜಮಾನನ ಬಾಯಿಮಾತಿನ ಮೇಲೇ ನಂಬಬೇಕಿತ್ತು. ಒಂದು ಕುದುರೆ ಹೆಸರು ಮಾಡ್ತು ಅಂದ್ರೆ ಅದರ ಮಗ, ಮೊಮ್ಮಗನಿಗೆಲ್ಲ ಅದೇ ಹೆಸರಿನ ಮುಂದೆ ‘ಯಂಗ್’ ಅಂತ ಸೇರಿಸಿ ಇಡ್ತಿದ್ರು. ನಮ್ಮ ‘ಜೂನಿಯರ್’ ಸಿನಿಮಾ ಸ್ಟಾರ್‌ಗಳ ಥರ.

ಇಂಥ ಕಥೆಗಳಲ್ಲಿ ಒಂದು ನಮ್ಮ ಮನೆ ಬಾಗಿಲಿಗೇ ಬರುತ್ತೆ. ಹತ್ತೊಂಬತ್ತನೇ ಶತಮಾನದ ಮೊದಮೊದಲಲ್ಲಿ ಹೆಕ್ಟರ್ ಅನ್ನೋ ಕುದುರೆ ಭಾರತದಿಂದ ಸಿಡ್ನಿಗೆ ಹೋಯ್ತು. ಅಲ್ಲಿನ ಹಳೇ ಕುದುರೆ ವಂಶಗಳಲ್ಲಿ ಅದಕ್ಕೆ ದೊಡ್ಡ ಹೆಸರು. ಅದು ಒಂದು ಕಾಲಕ್ಕೆ ಡ್ಯೂಕ್ ಆಫ್ ವೆಲಿಂಗ್ಟನ್‌ನ ಕುದುರೆ ಆಗಿತ್ತು ಅಂತ ಪ್ರತೀತಿ. ಆ ಡ್ಯೂಕ್ ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ. ಅವನಿಗೆ ವೆಲಿಂಗ್ಟನ್ ಅನ್ನೋ ಬಿರುದು ಬಂದದ್ದು 1809ರಲ್ಲಿ, ವಾಟರ್‌ಲೂ ಯುದ್ಧ ಗೆದ್ದದ್ದು 1815ರಲ್ಲಿ. ಯಜಮಾನನ ಕೀರ್ತಿ ಏರಿದ ಹಾಗೆ ಕುದುರೆಯ ಕಥೆಯ ಬೆಲೆಯೂ ಏರಿರಬೇಕು ಅಂತ ನನ್ನ ಅನುಮಾನ.

ಸುಳ್ಳು ವಂಶಾವಳಿಗಿಂತ ಅಪಾಯ ಅಂದ್ರೆ ಜಾಹೀರಾತು ಬಾಯಿಬಿಡದ ವಿಷಯಗಳು. ಗೊರಸಿನ ಮೇಲೆ ಮೂಳೆ ಬೆಳೆದು ಕುಂಟೋದು, ಓಡಿದಾಗ ಗಂಟಲಲ್ಲಿ ಕರ್ಕಶ ಸದ್ದು ಬಂದು ಉಸಿರು ಕಟ್ಟೋದು, ಕಣ್ಣಿನ ಪೊರೆ. ಇಂಥ ದೋಷಗಳು ಮರಿಗಳಿಗೂ ಇಳಿಯುತ್ತವೆ ಅನ್ನೋ ಭಯ ಸಾಕಿದವರಿಗೆಲ್ಲ ಇತ್ತು. ಆದ್ರೂ ‘ನಮ್ಮ ಕುದುರೆಗೆ ಉಸಿರಿನ ತೊಂದರೆ ಇದೆ’ ಅಂತ ಯಾರು ತಾನೇ ದುಡ್ಡು ಕೊಟ್ಟು ಅಚ್ಚು ಹಾಕಿಸ್ತಾರೆ? ಪಕ್ಕದ ವಿಕ್ಟೋರಿಯಾದಲ್ಲಿ 1907ರಲ್ಲಿ ಸರ್ಕಾರಿ ಪಶುವೈದ್ಯರೇ ಬೀಜದ ಕುದುರೆಗಳನ್ನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋಕೆ ಶುರು ಮಾಡಿದ್ರು. ಬ್ರಿಟನ್ನಿನಲ್ಲಿ ಊರೂರು ಸುತ್ತೋ ಕುದುರೆಗೆ ಲೈಸೆನ್ಸ್ ಕಡ್ಡಾಯ ಮಾಡಿದ ಕಾಯ್ದೆ ಬಂದದ್ದು 1918ರಲ್ಲಿ. ಅಷ್ಟು ದಿನ ರೈತನಿಗೆ ದಿಕ್ಕು ಅಂದ್ರೆ ಪೇಟೆ ಬೀದಿಯಲ್ಲಿ ನಡೆಯೋ ಕುದುರೆಗಳ ಮೆರವಣಿಗೆ, ಪಕ್ಕದವನ ಹೊಲದಲ್ಲಿ ಓಡಾಡೋ ಮರಿಗಳು, ಅವನ್ನ ನೋಡೋ ತನ್ನ ಎರಡು ಕಣ್ಣು.

(5/5)

ಜಾಹೀರಾತುಗಳ ಜೊತೆಗೇ ಆ ಪುಟಗಳಲ್ಲಿ ಮತ್ತೆ ಮತ್ತೆ ಸಿಗೋ ಇನ್ನೊಂದು ಮಾತು ‘ಭಾರತದ ಮಾರುಕಟ್ಟೆ’. ನ್ಯೂ ಸೌತ್ ವೇಲ್ಸ್‌ನಿಂದ ಮದ್ರಾಸಿಗೆ, ಕಲ್ಕತ್ತೆಗೆ ಹಡಗುಗಟ್ಟಲೆ ಕುದುರೆ ಬರ್ತಿತ್ತು, ಬ್ರಿಟಿಷರ ಸೈನ್ಯಕ್ಕೆ. ವೇಲ್ಸ್‌ನಿಂದ ಬಂದದ್ದು ಅಂತ ಅವಕ್ಕೆ ಇಲ್ಲಿ ‘ವೇಲರ್’ ಅಂತಾನೇ ಹೆಸರು ಬಿತ್ತು. ಹಂಟರ್ ಕಣಿವೆಯ ಮರಿ ಸೈನ್ಯಕ್ಕೆ ಬೇಕಾದ ಅಳತೆಗೆ ಬೆಳೆದ್ರೆ ಒಳ್ಳೇ ಬೆಲೆ, ಬೆಳೀದಿದ್ರೆ ಗಾಡಿಗೆ.

ಮದ್ರಾಸಿಗೆ ಇಳಿದ ಕುದುರೆಗಳನ್ನ ಪಳಗಿಸ್ತಿದ್ದ ಸೈನ್ಯದ ಡಿಪೋ ಇದ್ದದ್ದು ನಮ್ಮ ಬೆಂಗಳೂರಿನ ಪಕ್ಕದಲ್ಲೇ, ಹೊಸೂರಿನ ಮತ್ತಿಗಿರಿಯಲ್ಲಿ. ಮೇಟ್ಲೆಂಡ್‌ನ ಹೆಂಡದಂಗಡಿ ಹಿತ್ತಲಲ್ಲಿ ಎರಡು ಗಿನಿಗೆ ಕುದುರಿದ ವ್ಯವಹಾರದ ಫಲ ನಾಲ್ಕೈದು ವರ್ಷ ಆದ್ಮೇಲೆ ಹೊಸೂರಿನ ಬಯಲಲ್ಲಿ ಹುರುಳಿ ತಿಂತಾ ನಿಂತಿರೋ ಸಾಧ್ಯತೆ ಇತ್ತು ಅಂದ್ರೆ ತಮಾಷೆ ಅಲ್ವಾ!

ಟ್ರ್ಯಾಕ್ಟರ್, ಲಾರಿ ಬಂದ ಮೇಲೆ ನೇಗಿಲ ಕುದುರೆಯ ಜಾಹೀರಾತು ನಿಂತುಹೋಯ್ತು. ಓಟದ ಕುದುರೆಗಳದ್ದು ನಿಂತಿಲ್ಲ. ಅದೇ ಕಣಿವೆಯ ಸ್ಕೋನ್ ಸುತ್ತಮುತ್ತ ಇವತ್ತಿಗೂ ದೊಡ್ಡ ದೊಡ್ಡ ಸ್ಟಡ್ ಫಾರ್ಮ್‌ಗಳಿವೆ, ಪ್ರತಿ ಸೀಸನ್‌ಗೆ ಫೀಸಿನ ಪಟ್ಟಿ ಬರುತ್ತೆ.

ಹಳೇ ಪುಟಗಳನ್ನ ನೋಡೋ ಆಸೆ ಇದ್ರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣಕ್ಕೆ ಹೋಗಿ. ದುಡ್ಡು ಕೊಡಬೇಕಾಗಿಲ್ಲ. ‘ಮೇಟ್ಲೆಂಡ್ ಮರ್ಕ್ಯುರಿ’ ಹುಡುಕಿ, ಯಾವುದಾದ್ರೂ ಸೆಪ್ಟೆಂಬರ್ ಆರಿಸಿ, ಕೆಳಗಿನ ಸಣ್ಣಕ್ಷರದಿಂದ ಶುರು ಮಾಡಿ.

ನಿಮ್ಮೂರಲ್ಲಿ ಬೀಜದ ಹೋರಿಗೆ ಏನು ಕೊಡ್ತಿದ್ರು? ದುಡ್ಡಾ, ಕಾಳಾ, ಒಂದು ಹೊರೆ ಹುಲ್ಲಾ? ಮನೇಲಿ ದೊಡ್ಡವರನ್ನ ಕೇಳಿ ಕಾಮೆಂಟ್‌ನಲ್ಲಿ ಬರೀರಿ.

#ಇತಿಹಾಸ #ಹಳೇಪತ್ರಿಕೆ #ಕುದುರೆ #ಹಂಟರ್‌ಕಣಿವೆ #ಹೊಸೂರು