ಪಿಸ್ತೂಲಿನ ರೆಡ್ ಡಾಟ್ ಸೈಟ್: ಚುಕ್ಕೆಯ ಅಳತೆ, ಫುಟ್‌ಪ್ರಿಂಟ್ ಮತ್ತು ತಿರುಪು ಕುರಿತ ಟಿಪ್ಪಣಿ

1. ವ್ಯಾಪ್ತಿ

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎಂಬ ಹೆಸರಿನ ಎರಡು ಊರುಗಳಿವೆ: ಒಂದು ದಕ್ಷಿಣದಲ್ಲಿ ಜೆ.ಪಿ. ನಗರದ ಬಳಿ, ಇನ್ನೊಂದು ಉತ್ತರದಲ್ಲಿ ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯ ಬಳಿ. ಈ ಟಿಪ್ಪಣಿ ಎರಡನೆಯದರ ಸುತ್ತಮುತ್ತ ಪಿಸ್ತೂಲ್ ಅಭ್ಯಾಸ ಮಾಡುವವರಿಗಾಗಿ. ಈ ವಿಂಗಡಣೆ ಸ್ಥಳನಾಮಕ್ಕಷ್ಟೇ ಸಂಬಂಧಿಸಿದ್ದಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಿಂದ ಪಕ್ಷಿ ಸಂರಕ್ಷಣಾ ಮೀಸಲು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರ್ 0.177 ಇಂಚು ಹಾಗೂ ಮೂತಿಶಕ್ತಿ 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಆದರೆ ಆ ವಿನಾಯಿತಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೇಟೆ ನಿಷೇಧವನ್ನು ಎಳ್ಳಷ್ಟೂ ಸಡಿಲಿಸುವುದಿಲ್ಲ. ಆದ್ದರಿಂದ ಮುಂದಿನ ಲೆಕ್ಕಗಳೆಲ್ಲ 10 ಮತ್ತು 25 ಮೀಟರಿನ ಕಾಗದದ ಗುರಿಗೆ ಮಾತ್ರ ಅನ್ವಯಿಸುತ್ತವೆ.

2. ಕಾಲ

ಗಾಜಿನಲ್ಲಿ ಪ್ರತಿಫಲಿಸಿದ ಗುರುತನ್ನು ಗುರಿಯ ಮೇಲೆ ತೋರಿಸುವ ಈ ಸೈಟಿನ ತತ್ತ್ವ ಡಬ್ಲಿನ್‌ನ ದೂರದರ್ಶಕ ತಯಾರಕ ಹೋವರ್ಡ್ ಗ್ರಬ್‌ನದು. ಅದರ ವರ್ಷವನ್ನು ಕೆಲವರು 1900 ಎನ್ನುತ್ತಾರೆ, ಕೆಲವರು 1901 ಎನ್ನುತ್ತಾರೆ. ಮೊದಲನೆಯದು ಪೇಟೆಂಟಿನದು, ಎರಡನೆಯದು ರಾಯಲ್ ಡಬ್ಲಿನ್ ಸೊಸೈಟಿಯ ಪ್ರಬಂಧದ್ದು. ಹಾಗಾಗಿ ಎರಡಕ್ಕೂ ವಿರೋಧವಿಲ್ಲ. ಎಲ್‌ಇಡಿ ಬಳಸುವ ಈಗಿನ ರೂಪದ ಆರಂಭವನ್ನು ಸಾಮಾನ್ಯವಾಗಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆಯ 1975ರ ಉಪಕರಣದಿಂದ ಎಣಿಸುತ್ತಾರೆ. ಪಿಸ್ತೂಲಿನ ಸ್ಲೈಡ್ ಮೇಲೆ ಕೂರುವ ಕಿರುಗಾತ್ರದ ಸೈಟುಗಳು ತೀರ ಈಚಿನವು: ಟ್ರಿಜಿಕಾನ್ ಆರ್‌ಎಂಆರ್ ಬಂದದ್ದು 2009ರಲ್ಲಿ, ಗ್ಲಾಕ್‌ನ ಎಂಒಎಸ್ ಸ್ಲೈಡ್ 2015ರಲ್ಲಿ.

3. ಎಲ್ಲಿ ಸಲ್ಲುತ್ತದೆ

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ಪಿಸ್ತೂಲ್ ಸ್ಪರ್ಧೆಗಳಲ್ಲಿ ಓಪನ್ ಸೈಟಿಗೆ, ಅಂದರೆ ಗಾಜಿಲ್ಲದ ಹಿಂದಿನ-ಮುಂದಿನ ಸೈಟುಗಳ ಜೋಡಿಗೆ, ಮಾತ್ರ ಅನುಮತಿ. ಮಸೂರ, ಕನ್ನಡಿ, ಲೇಸರ್, ವಿದ್ಯುನ್ಮಾನ ಚುಕ್ಕೆ ಎಲ್ಲವೂ ನಿಷಿದ್ಧ. ಬೆಂಗಳೂರಿನ ಪಿ.ಎನ್. ಪ್ರಕಾಶ್ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀ. ಏರ್ ಪಿಸ್ತೂಲಿನ ಬೆಳ್ಳಿ ಗೆದ್ದದ್ದೂ, ದಿವ್ಯಾ ಟಿ.ಎಸ್. 2023ರ ಬಾಕು ವಿಶ್ವಕಪ್‌ನಲ್ಲಿ ಮಿಶ್ರ ತಂಡದ ಚಿನ್ನ ಗೆದ್ದದ್ದೂ ಓಪನ್ ಸೈಟಿನಿಂದಲೇ. ಆ ದಾರಿಯಲ್ಲಿ ಹೋಗಬಯಸುವವರು ರೆಡ್ ಡಾಟ್ ಕೊಳ್ಳುವ ಮೊದಲು ಈ ನಿಯಮವನ್ನು ಓದುವುದು ಒಳ್ಳೆಯದು. ಪ್ರಾಯೋಗಿಕ ಶೂಟಿಂಗಿನ ಐಪಿಎಸ್‌ಸಿ ಸ್ಪರ್ಧೆಗಳ ಓಪನ್ ಮತ್ತು ಪ್ರೊಡಕ್ಷನ್ ಆಪ್ಟಿಕ್ಸ್ ವಿಭಾಗಗಳಲ್ಲಿ ಚುಕ್ಕೆಗೆ ಅವಕಾಶವಿದೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೀಳಕೋವಿಯದು. ಈ ಟಿಪ್ಪಣಿಯ ಹೊರಗಿನದು.

4. ಚುಕ್ಕೆಯ ಗಾತ್ರ

ತಯಾರಕರು ಚುಕ್ಕೆಯನ್ನು ಎಂಒಎಯಲ್ಲಿ, ಅಂದರೆ ಡಿಗ್ರಿಯ 60ನೇ ಒಂದು ಭಾಗದಲ್ಲಿ, ಹೇಳುತ್ತಾರೆ. "100 ಗಜಕ್ಕೆ 1 ಇಂಚು" ಎಂಬ ರೂಢಿಯ ಲೆಕ್ಕ ಸ್ಥೂಲವಾದದ್ದು. ನಿಜವಾದ ಬೆಲೆ 1.047 ಇಂಚು. ನಮ್ಮ ಅಂತರಗಳಿಗೆ ತಂದರೆ 1 ಎಂಒಎ 10 ಮೀಟರಿನಲ್ಲಿ 2.91 ಮಿ.ಮೀ., 25 ಮೀಟರಿನಲ್ಲಿ 7.27 ಮಿ.ಮೀ.

ಈ ಅಂಕಿಗಳನ್ನು ಐಎಸ್‌ಎಸ್‌ಎಫ್ ಗುರಿಫಲಕದ ಮೇಲಿಟ್ಟರೆ ಆಯ್ಕೆ ಬಹುಮಟ್ಟಿಗೆ ಸರಳವಾಗುತ್ತದೆ. 10 ಮೀ. ಏರ್ ಪಿಸ್ತೂಲ್ ಫಲಕದ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., 25 ಮೀ. ಪ್ರಿಸಿಷನ್ ಫಲಕದ್ದು 50 ಮಿ.ಮೀ. 3.25 ಎಂಒಎ ಚುಕ್ಕೆ 10 ಮೀಟರಿನಲ್ಲಿ 9.5 ಮಿ.ಮೀ. ಜಾಗವನ್ನು ಮುಚ್ಚುತ್ತದೆ, ಎಂದರೆ ಹತ್ತರ ಒಳಗೇ ಉಳಿಯುತ್ತದೆ. 6.5 ಎಂಒಎ ಚುಕ್ಕೆ ಅಲ್ಲಿ 18.9 ಮಿ.ಮೀ.; ಹತ್ತನ್ನು ಪೂರ್ತಿ ನುಂಗುತ್ತದೆ. ಅದೇ 6.5ರ ಚುಕ್ಕೆ 25 ಮೀಟರಿನಲ್ಲಿ 47.3 ಮಿ.ಮೀ. ಆಗಿ ಅಲ್ಲಿನ ಹತ್ತಕ್ಕೆ ಬಹುತೇಕ ಸಮನಾಗುತ್ತದೆ. ಹೀಗಾಗಿ "ದೊಡ್ಡ ಚುಕ್ಕೆ ಬೇಗ ಸಿಗುತ್ತದೆ, ಸಣ್ಣದು ನಿಖರ" ಎಂಬ ಮಾತು ಅಂತರವನ್ನು ಹೇಳದಿದ್ದರೆ ಅಪೂರ್ಣ. ಪಿಸ್ತೂಲ್ ಮುಖ್ಯವಾಗಿ 10 ಮೀಟರಿಗಾದರೆ 2ರಿಂದ 3.25ರ ನಡುವಿನ ಚುಕ್ಕೆ ಹೆಚ್ಚು ಸೂಕ್ತವೆಂದು ತೋರುತ್ತದೆ.

ಅಸ್ಟಿಗ್ಮ್ಯಾಟಿಸಂ ಇರುವ ಕಣ್ಣಿಗೆ ಚುಕ್ಕೆ ಬಾಲದಂತೆ, ನಕ್ಷತ್ರದಂತೆ ಹರಡಿ ಕಾಣಬಹುದು. ಕಾಗದಕ್ಕೆ ಸೂಜಿಯಿಂದ ರಂಧ್ರ ಮಾಡಿ ಅದರ ಮೂಲಕ ನೋಡಿದಾಗ ಚುಕ್ಕೆ ದುಂಡಾದರೆ ಕಾರಣ ಕಣ್ಣು, ಆಗದಿದ್ದರೆ ಬಹುಶಃ ಉಪಕರಣ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು.

5. "ಪ್ಯಾರಲಾಕ್ಸ್ ಇಲ್ಲ" ಎಂಬ ಹೇಳಿಕೆ

ಕಣ್ಣು ಸರಿದರೂ ಚುಕ್ಕೆ ಗುರಿಯ ಮೇಲಿಂದ ಸರಿಯದು ಎಂಬರ್ಥದ ಈ ಮಾತನ್ನು ಎಚ್ಚರಿಕೆಯಿಂದ ಓದಬೇಕು. ಚುಕ್ಕೆಯ ಕಿರಣಗಳು ಪೂರ್ತಿ ಸಮಾನಾಂತರವಾಗಿವೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಚುಕ್ಕೆ ಕಿಟಕಿಯ ನಡುವಿನಿಂದ ಎಷ್ಟು ಸರಿದಿದೆಯೋ ದೃಷ್ಟಿರೇಖೆಯೂ ಅಷ್ಟೇ ಸರಿಯುತ್ತದೆ. 16 ಮಿ.ಮೀ. ಅಗಲದ ಕಿಟಕಿಯಲ್ಲಿ ಚುಕ್ಕೆ ಅಂಚಿಗೆ ಹೋದರೆ ತಪ್ಪು 8 ಮಿ.ಮೀ.; ಅಂತರ ಹೆಚ್ಚಿದರೂ ಅದು ಬೆಳೆಯುವುದಿಲ್ಲ. 25 ಮೀಟರಿನಲ್ಲಿ ಇದು ನಗಣ್ಯ. 10 ಮೀಟರಿನಲ್ಲಿ ಹಾಗಲ್ಲ: 4.5 ಮಿ.ಮೀ. ಪೆಲೆಟ್ ಹತ್ತರ ಗೆರೆಯನ್ನು ಮುಟ್ಟಬೇಕಾದರೆ ಅದರ ಕೇಂದ್ರ ಗುರಿಯ ಕೇಂದ್ರದಿಂದ 5.75 + 2.25 = 8.0 ಮಿ.ಮೀ. ಒಳಗಿರಬೇಕು. ಅಂದರೆ ಅಂಚಿನ ಚುಕ್ಕೆಯೊಂದೇ ಹತ್ತರ ಇಡೀ ಅವಕಾಶವನ್ನು ಬಳಸಿಬಿಡುತ್ತದೆ.

ಓಪನ್ ಸೈಟಿನ ತಪ್ಪು ಬೇರೆ ಜಾತಿಯದು. ಹಿಂದಿನ ಮತ್ತು ಮುಂದಿನ ಸೈಟುಗಳ ನಡುವೆ 160 ಮಿ.ಮೀ. ಇದ್ದು, ಮುಂದಿನದು 0.1 ಮಿ.ಮೀ. ಸರಿದರೆ 10 ಮೀಟರಿನಲ್ಲಿ 6.3, 25 ಮೀಟರಿನಲ್ಲಿ 15.6 ಮಿ.ಮೀ. ತಪ್ಪುತ್ತದೆ. ರೆಡ್ ಡಾಟಿನ ಅನುಕೂಲ ಅಂತರದೊಡನೆ ಹೆಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕಿಲ್ಲ.

6. ಫುಟ್‌ಪ್ರಿಂಟ್

ಸೈಟಿನ ತಳದ ತಿರುಪು ರಂಧ್ರ ಮತ್ತು ಗುಬುಟುಗಳ ವಿನ್ಯಾಸವೇ ಫುಟ್‌ಪ್ರಿಂಟ್. ಆರ್‌ಎಂಆರ್, ಡಾಕ್ಟರ್, ಶೀಲ್ಡ್ ಆರ್‌ಎಂಎಸ್‌ಸಿ ಮುಂತಾದ ವಿನ್ಯಾಸಗಳು ಪರಸ್ಪರ ಹೊಂದುವುದಿಲ್ಲ. ಒಂದೇ ಹೆಸರಿನೊಳಗೂ ವ್ಯತ್ಯಾಸ ಇರುವುದೇ ಇಲ್ಲಿ ಹೆಚ್ಚು ತೊಡಕಿನ ಸಂಗತಿ. ತೆಳುವಾದ ಪಿಸ್ತೂಲುಗಳಿಗೆಂದು ಬರುವ ಹೋಲೋಸನ್ ಕೆ ಮಾದರಿಯನ್ನು ಆರ್‌ಎಂಎಸ್‌ಸಿ ಎಂದು ಕರೆಯುವುದುಂಟು. ಆದರೆ ಅದು ಆ ವಿನ್ಯಾಸದ ಮಾರ್ಪಾಡು, ಸ್ಲೈಡಿನ ಹಿಂದಿನ ಗುಬುಟುಗಳು ಅದಕ್ಕೆ ಅಡ್ಡ ಬರುತ್ತವೆ. ಗುಬುಟುಗಳನ್ನು ಅರದಿಂದ ಉಜ್ಜಿ ತೆಗೆಯುವವರಿದ್ದಾರೆ. ಹಿಮ್ಮೆಟ್ಟಿನ ಹೊರೆ ಹೊರಬೇಕಾದದ್ದು ಗುಬುಟು. ಅದನ್ನು ತೆಗೆದರೆ ಹೊರೆ ತಿರುಪಿನ ಮೇಲೆ ಬೀಳುತ್ತದೆ. ಆದ್ದರಿಂದ ಅದು ಒಪ್ಪತಕ್ಕ ಪರಿಹಾರವಲ್ಲ. ಸರಿಹೊಂದುವ ಸೈಟನ್ನೇ ಕೊಳ್ಳಬೇಕು.

7. ತಿರುಪು

ಆರ್‌ಎಂಆರ್‌ಗೆ ಬಳಸುವ 6-32 ತಿರುಪಿನ ವ್ಯಾಸ 0.138 ಇಂಚು, ಅಂದರೆ 3.505 ಮಿ.ಮೀ. ಎಂ3.5 ತಿರುಪು ಕಣ್ಣಿಗೂ ಕ್ಯಾಲಿಪರ್‌ಗೂ ಬಹುತೇಕ ಅದೇ ಆಗಿ ತೋರುತ್ತದೆ. ಆದರೆ ಎಳೆಗಳ ಅಂತರ ಮೊದಲನೆಯದರಲ್ಲಿ 0.794 ಮಿ.ಮೀ., ಎರಡನೆಯದರಲ್ಲಿ 0.6 ಮಿ.ಮೀ. ಒತ್ತಾಯದಿಂದ ಕೂರಿಸಿದರೆ ಎಳೆ ಹರಿಯುತ್ತದೆ. ಉದ್ದವೂ ಮುಖ್ಯ: ಗ್ಲಾಕ್ ಸ್ಲೈಡಿನಲ್ಲಿ ಬಲಬದಿಯ ತಿರುಪು ಉದ್ದವಾದರೆ ಎಕ್ಸ್‌ಟ್ರಾಕ್ಟರಿನ ಒತ್ತುಕಡ್ಡಿಯನ್ನು ಅದುಮಬಹುದು.

ಬಿಗಿಯ ಬಗ್ಗೆ ಪ್ರಕಟಿತ ಅಂಕಿಗಳು ಒಂದೇ ಅಲ್ಲ. ಆರ್‌ಎಂಆರ್‌ಗೆ 12 ಇಂಚು-ಪೌಂಡ್ ಹೇಳಲಾಗಿದೆ. ನಮ್ಮ ಟಾರ್ಕ್ ಡ್ರೈವರುಗಳ ಮಾನದಲ್ಲಿ 1.36 ನ್ಯೂಟನ್-ಮೀಟರ್. 15 ಎಂದಾದರೆ 1.69. ಇವನ್ನು ಸರಾಸರಿ ಮಾಡಬಾರದು. ಆಯಾ ಸೈಟಿನ ಕೈಪಿಡಿಯ ಅಂಕಿಯೇ ಪ್ರಮಾಣ. ಪಿಸ್ತೂಲು ಖಾಲಿಯೆಂದು ಖಚಿತಪಡಿಸಿ, ಮದ್ದುಗುಂಡನ್ನು ಮೇಜಿನಿಂದ ದೂರವಿಟ್ಟು, ಎಳೆಯ ಎಣ್ಣೆಯನ್ನು ಸ್ಪಿರಿಟಿನಿಂದ ತೆಗೆದು, ನೀಲಿ ಥ್ರೆಡ್‌ಲಾಕರನ್ನು ಸ್ವಲ್ಪವೇ ಹಚ್ಚಬೇಕು. ಬಿಗಿದ ಮೇಲೆ ತಿರುಪಿನ ತಲೆಗೂ ಸೈಟಿನ ಮೈಗೂ ಒಂದೇ ಗೆರೆ ಎಳೆದಿಟ್ಟರೆ ಮುಂದೆ ಸಡಿಲವಾದದ್ದು ಕಣ್ಣಿಗೇ ಕಾಣುತ್ತದೆ.

ಸ್ಪ್ರಿಂಗ್-ಪಿಸ್ಟನ್ ಏರ್ ಪಿಸ್ತೂಲಿನ ಒದೆತ ಹಿಂದಕ್ಕೂ ಮುಂದಕ್ಕೂ ಬರುತ್ತದೆ. ಬಂದೂಕಿಗೆಂದು ಮಾಡಿದ ಗಟ್ಟಿ ಸೈಟು ಅಲ್ಲಿ ಬಾಳುತ್ತದೆ ಎಂದು ಊಹಿಸಲಾಗದು.

8. ಝೀರೋ

ಸೈಟಿನ ಅಕ್ಷ ನಳಿಗೆಗಿಂತ 20 ಮಿ.ಮೀ. ಮೇಲಿದ್ದು 25 ಮೀಟರಿಗೆ ಝೀರೋ ಮಾಡಿದರೆ (ಆ ಅಂತರದಲ್ಲಿ ಗುಂಡು ಚುಕ್ಕೆ ಇಟ್ಟಲ್ಲೇ ಬೀಳುವಂತೆ ಹೊಂದಿಸಿದರೆ), 10 ಮೀಟರಿನಲ್ಲಿ ಗುಂಡು 12 ಮಿ.ಮೀ. ಕೆಳಗೆ ಬೀಳುತ್ತದೆ ಎಂಬ ಲೆಕ್ಕ ಗುರುತ್ವವನ್ನು ಬಿಟ್ಟದ್ದು. ಸೆಕೆಂಡಿಗೆ 320 ಮೀ. ವೇಗದ .22 ಗುಂಡಿಗೆ ಗುರುತ್ವವನ್ನೂ ಸೇರಿಸಿ, ಗಾಳಿಯ ತಡೆಯನ್ನು ಮಾತ್ರ ಬಿಟ್ಟರೆ ಅಂತರ ಸುಮಾರು 5 ಮಿ.ಮೀ.ಗೆ ಇಳಿಯುತ್ತದೆ. ನಿಧಾನದ ಪೆಲೆಟ್‌ಗೆ ಈ ಅಂಕಿ ಹೊಂದದು; ಅದಕ್ಕೆ 10 ಮೀಟರಿನಲ್ಲೇ ಝೀರೋ ಮಾಡುವುದು ಲೇಸು.

ಬ್ಯಾಟರಿ ತಳದಲ್ಲಿರುವ ಆರ್‌ಎಂಆರ್‌ನಂಥ ಸೈಟಿನಲ್ಲಿ ಬ್ಯಾಟರಿ ಬದಲಿಸಲು ಸೈಟನ್ನೇ ಕಳಚಬೇಕು. ಅದೇ ಟಾರ್ಕಿಗೆ ಮರಳಿ ಬಿಗಿದರೂ ಝೀರೋ ಉಳಿದಿದೆ ಎಂದು ನಂಬದೆ ಐದು ಗುಂಡಿನ ಗುಂಪಿನಿಂದ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಹೊರಗೆ ಬಳಸುವವರಿಗೆ ಇನ್ನೊಂದು ವಿಚಾರ: ತೆರೆದ ಎಲ್‌ಇಡಿಯ ಮೇಲೆ ಒಂದು ಹನಿ ಕೂತರೂ ಚುಕ್ಕೆ ಒಡೆದು ಹಲವಾಗಬಹುದು. ಏಮ್‌ಪಾಯಿಂಟ್ ಆಕ್ರೋದಂಥ ಮುಚ್ಚಿದ ಪೆಟ್ಟಿಗೆಯ ಸೈಟಿನಲ್ಲಿ ನೀರು ಹೊರಗಿನ ಗಾಜನ್ನು ಮಾತ್ರ ಮುಟ್ಟುತ್ತದೆ. ಅದನ್ನು ಬಟ್ಟೆಯಿಂದ ಒರೆಸಿದರಾಯಿತು.