ವೈರಸ್ ಅಡಗಿದ ಮೇಲೂ ಆರದ ಉರಿಯೂತ: ಎಚ್‌ಐವಿ ಸೋಂಕಿತರ ಉಳಿವನ್ನು ಸೂಚಿಸುವ ರಕ್ತದ ಅಳತೆಗಳು

ಎಚ್‌ಐವಿ ಸೋಂಕಿತರ ಮುಂದಿನ ದಿನಗಳನ್ನು ಅಂದಾಜಿಸಲು 1980ರ ದಶಕದಲ್ಲಿ ವೈದ್ಯರು ಹೆಚ್ಚಾಗಿ ನೆಚ್ಚಿದ್ದು ರೋಗನಿರೋಧಕ ವ್ಯವಸ್ಥೆಯ ಸಿಡಿ4 ಕೋಶಗಳ ಎಣಿಕೆಯನ್ನು. ರಕ್ತದಲ್ಲಿರುವ ವೈರಸ್ಸನ್ನೇ ಅಳೆಯುವ ವಿಧಾನ ಬಂದಮೇಲೆ ಅಂದಾಜು ಹರಿತವಾಯಿತು. ಅಮೆರಿಕದ ಜಾನ್ ಮೆಲ್ಲರ್ಸ್ ಮತ್ತು ಸಂಗಡಿಗರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ 180 ಪುರುಷರ ವಿವರಗಳನ್ನು 1996ರಲ್ಲಿ ಪ್ರಕಟಿಸಿದರು. ಮಿಲಿಲೀಟರಿಗೆ 4,530ಕ್ಕಿಂತ ಹೆಚ್ಚು ವೈರಸ್ ಪ್ರತಿಗಳಿಲ್ಲದವರಲ್ಲಿ ಐದು ವರ್ಷದೊಳಗೆ ಏಡ್ಸ್ ಹಂತ ತಲುಪಿದವರು ಶೇ. 8, 36,270ಕ್ಕಿಂತ ಹೆಚ್ಚಿದ್ದವರಲ್ಲಿ ಶೇ. 62.

ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧ ಚಿಕಿತ್ಸೆ ಈ ಅಳತೆಯ ಮೊನೆಯನ್ನು ಮೊಂಡು ಮಾಡಿತು. ತಪ್ಪದೆ ಮಾತ್ರೆ ನುಂಗುವವರಲ್ಲಿ ವೈರಸ್ ಪತ್ತೆಗೇ ಸಿಗದಷ್ಟು ಇಳಿಯುತ್ತದೆ. ಆದರೂ ಅವರಲ್ಲಿ ಕೆಲವರು ಹೃದ್ರೋಗ, ಯಕೃತ್ತಿನ ಕಾಯಿಲೆ, ಕ್ಯಾನ್ಸರ್‌ಗಳಿಗೆ ಅಕಾಲದಲ್ಲಿ ಬಲಿಯಾಗುತ್ತಾರೆ. ಅವರು ಯಾರೆಂದು ಮೊದಲೇ ತಿಳಿಯುವುದು ಹೇಗೆ?

ಉತ್ತರದ ಸುಳಿವು ಸ್ಮಾರ್ಟ್ ಎಂಬ ಚಿಕಿತ್ಸಾ ಪ್ರಯೋಗದಲ್ಲಿ ಸಿಕ್ಕಿತು. 33 ದೇಶಗಳ 5,472 ಜನರಲ್ಲಿ ಒಂದು ಗುಂಪಿಗೆ ಚಿಕಿತ್ಸೆಯನ್ನು ಮುಂದುವರಿಸಿ, ಇನ್ನೊಂದಕ್ಕೆ ಸಿಡಿ4 ಎಣಿಕೆ 250ಕ್ಕಿಂತ ಕೆಳಗಿಳಿಯುವವರೆಗೆ ತಡೆದರು. ಔಷಧ ತಡೆದವರಲ್ಲಿ 55, ಮುಂದುವರಿಸಿದವರಲ್ಲಿ 30 ಸಾವು. ಮೃತರಾದ ಈ 85 ಜನರ ರಕ್ತವನ್ನು ಪ್ರಯೋಗದ ಆರಂಭದಲ್ಲೇ ತೆಗೆದಿರಿಸಲಾಗಿತ್ತು. ಅದನ್ನು ಬದುಕುಳಿದವರ ರಕ್ತದೊಡನೆ ಹೋಲಿಸಿ ಲೂಯಿಸ್ ಕುಲ್ಲರ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಕಣ್ಣರಳಿಸುವಂಥದು. ಉರಿಯೂತದ ಸೂಚಕ ಇಂಟರ್‌ಲ್ಯೂಕಿನ್-6 ಅತಿ ಹೆಚ್ಚಿದ್ದ ಕಾಲುಭಾಗದವರಲ್ಲಿ ಸಾವಿನ ಸಂಭವ, ಅತಿ ಕಡಿಮೆ ಇದ್ದವರಿಗಿಂತ ಸುಮಾರು ಎಂಟು ಪಟ್ಟು. ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ತುಣುಕಾದ ಡಿ-ಡೈಮರ್‌ನಲ್ಲಿ ಹನ್ನೆರಡು ಪಟ್ಟು. ಔಷಧ ನಿಲ್ಲಿಸಿದ ಒಂದೇ ತಿಂಗಳಲ್ಲಿ ಇಂಟರ್‌ಲ್ಯೂಕಿನ್-6 ಶೇ. 30 ಏರಿತ್ತು.

ಈ ಉರಿಯ ಒಂದು ಮೂಲ ಕರುಳಿನಲ್ಲಿದೆ. ಸೋಂಕಿನ ಮೊದಲ ವಾರಗಳಲ್ಲೇ ಅಲ್ಲಿನ ಸಿಡಿ4 ಕೋಶಗಳು ನಾಶವಾಗಿ ಒಳಪದರ ಸಡಿಲಗೊಳ್ಳುತ್ತದೆ. ಬ್ಯಾಕ್ಟೀರಿಯಾಗಳ ಅಂಶಗಳು ರಕ್ತಕ್ಕೆ ಜಿನುಗುತ್ತಲೇ ಇರುತ್ತವೆ. ಚಿಕಿತ್ಸೆ ಈ ಹಾನಿಯನ್ನು ಪೂರ್ತಿ ಸರಿಪಡಿಸದು.

ಆದರೆ ಇಂಟರ್‌ಲ್ಯೂಕಿನ್-6 ಪರೀಕ್ಷೆ ಜಿಲ್ಲಾ ಎಆರ್‌ಟಿ ಕೇಂದ್ರಗಳ ದೈನಂದಿನ ಕೆಲಸದಲ್ಲಿ ಸೇರಿಲ್ಲ. ನನ್ನ ದೃಷ್ಟಿಯಲ್ಲಿ ನಮಗೆ ಹೆಚ್ಚು ಉಪಯುಕ್ತವಾದದ್ದು ಅಮೆರಿಕದ ನಿವೃತ್ತ ಸೈನಿಕರ ಅಧ್ಯಯನದಿಂದ ಹುಟ್ಟಿದ ವ್ಯಾಕ್ಸ್ ಸೂಚ್ಯಂಕ. ವಯಸ್ಸು, ಸಿಡಿ4, ವೈರಸ್ ಪ್ರಮಾಣಗಳ ಜೊತೆಗೆ ಅದು ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಯಕೃತ್ತಿನ ಕಿಣ್ವಗಳು, ಕ್ರಿಯಾಟಿನಿನ್, ಹೆಪಟೈಟಿಸ್-ಸಿ ಸೋಂಕನ್ನು ಪರಿಗಣಿಸಿ, ಅಂಕಗಳನ್ನು ಕೊಟ್ಟು ಸಾವಿನ ಸಂಭವವನ್ನು ಅಂದಾಜಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಮಾಮೂಲಿ ಪರೀಕ್ಷೆಗಳೇ.

ಹಾಗೆಂದು ಆ ಅಂಕಗಳನ್ನು ರಾಯಚೂರಿನ ಕೂಲಿಕಾರ ಮಹಿಳೆಗೆ ನೇರವಾಗಿ ಅನ್ವಯಿಸಲಾಗದು. ಬಹುಪಾಲು ಪುರುಷರೇ ಇದ್ದ ಸಮೂಹದಲ್ಲಿ ಅವು ರೂಪುಗೊಂಡವು. ನಮ್ಮಲ್ಲಿ ಕಬ್ಬಿಣಾಂಶದ ಕೊರತೆಯಿಂದಲೂ ಹಿಮೋಗ್ಲೋಬಿನ್ ಇಳಿದಿರುತ್ತದೆ, ಪತ್ತೆಯಾಗದ ಕ್ಷಯರೋಗವೂ ಉರಿಯೂತದ ಸೂಚಕಗಳನ್ನು ಏರಿಸುತ್ತದೆ. ಆದ್ದರಿಂದ ಎಆರ್‌ಟಿ ಕೇಂದ್ರಗಳಲ್ಲಿ ಈಗಾಗಲೇ ಇರುವ ದಾಖಲೆಗಳನ್ನು, ರೋಗಿಗಳ ಗುರುತು ಮರೆಮಾಡಿ, ಹೆಂಗಸರು ಮತ್ತು ಗಂಡಸರಿಗೆ ಬೇರೆಬೇರೆಯಾಗಿ ಲೆಕ್ಕಹಾಕಿ ಅಂಕಗಳನ್ನು ಹೊಸದಾಗಿ ನಿಗದಿಪಡಿಸಬೇಕು. ಹಿಮೋಗ್ಲೋಬಿನ್ ಕಡಿಮೆ ಕಂಡವರಿಗೆ ಅಂಕ ಹಾಕುವ ಮೊದಲು ಕ್ಷಯದ ತಪಾಸಣೆ ಆಗಿರಬೇಕು.